ಮೂರನೇ ರನ್‌ನ ನಂಬರ್ ಹೇಳೋಣ

ಹಾಸ್ಟೆಲ್‌ನಲ್ಲಿ ಕಾರಿನ ಮಾತು ಶುರುವಾದರೆ ಮೊದಲು ಬರೋ ಪ್ರಶ್ನೆ ಒಂದೇ: "ಎಷ್ಟು ಹಾರ್ಸ್‌ಪವರ್ ಮಗಾ?" ಆ ಪವರ್ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಯಾರೂ ಕೇಳಲ್ಲ. ನಾವೂ ಕೇಳಿರಲಿಲ್ಲ. ಕಳೆದ ಸೆಮಿಸ್ಟರ್‌ನಲ್ಲಿ ಗೆಳೆಯನೊಬ್ಬ ತನ್ನ ಟರ್ಬೊ ಪೆಟ್ರೋಲ್ ಕಾರನ್ನು ರೀಮ್ಯಾಪ್ ಮಾಡಿಸಿ ಡೈನೊ ಮೇಲೆ ಹತ್ತಿಸಿದ. ಒಂದರ ಹಿಂದೆ ಒಂದು ಮೂರು ರನ್ ಆಯ್ತು. ಪ್ರತಿ ರನ್‌ನಲ್ಲೂ ನಂಬರ್ ಇಳೀತಾ ಹೋಯ್ತು. ಇಂಟರ್‌ಕೂಲರ್ ಮುಟ್ಟಿದರೆ ಕೈ ಚುರುಕ್ ಅಂತಿತ್ತು. ಮೊದಲ ಗ್ರಾಫ್ ವಾಟ್ಸಾಪ್ ಸ್ಟೇಟಸ್‌ಗೆ ಹೋಯ್ತು, ಮೂರನೇದು ಯಾರ ಕಣ್ಣಿಗೂ ಬೀಳಲಿಲ್ಲ. ನಮ್ಮ ವಾದ ಇಷ್ಟೇ: ಸ್ಟೇಟಸ್‌ಗೆ ಹಾಕಬೇಕಾಗಿದ್ದು ಆ ಮೂರನೇದನ್ನು.

ಇದು ಇಂಟರ್‌ಕೂಲರ್‌ನ ಹೀಟ್ ಸೋಕ್. ಒಲೆ ಆರಿಸಿದ ಮೇಲೂ ದೋಸೆ ಹಂಚು ಸುಡುತ್ತಲ್ಲ, ಹಾಗೇ ಲೋಹ ಒಮ್ಮೆ ಕಾದರೆ ಬೇಗ ತಣಿಯಲ್ಲ. ಸೆಮಿಸ್ಟರ್ ಪರೀಕ್ಷೆಗೆ ಬಾಯಿಪಾಠ ಮಾಡಿದ ಸೂತ್ರವನ್ನೇ ಇಲ್ಲಿ ಹಾಕಿ ನೋಡೋಣ. 30 ಡಿಗ್ರಿ ಸೆಲ್ಸಿಯಸ್ ಗಾಳಿಯ ಒತ್ತಡವನ್ನು ಟರ್ಬೊ ಎರಡು ಪಟ್ಟು ಮಾಡಿದರೆ, ಕಂಪ್ರೆಸರ್ ದಕ್ಷತೆ 70% ಅಂತ ಹಿಡಿದರೆ, ಹೊರಬರೋ ಗಾಳಿ ಸುಮಾರು 125 ಡಿಗ್ರಿ. ಅದನ್ನು 60 ಡಿಗ್ರಿ ಆಸುಪಾಸಿಗೆ ಇಳಿಸೋದು ಇಂಟರ್‌ಕೂಲರ್ ಕೆಲಸ. ಎಂಜಿನ್ ಸೆಕೆಂಡಿಗೆ 0.2 ಕೆ.ಜಿ. ಗಾಳಿ ಎಳೆಯುತ್ತಿದ್ದರೆ ತೆಗೆಯಬೇಕಾದ ಶಾಖ ಸುಮಾರು 13 ಕಿಲೋವ್ಯಾಟ್. 2 ಕಿಲೋವ್ಯಾಟ್‌ನ ಗೀಸರ್ ಆರಕ್ಕಿಂತ ಹೆಚ್ಚು! ಇಂಟರ್‌ಕೂಲರ್ 5 ಕೆ.ಜಿ. ಅಲ್ಯೂಮಿನಿಯಂ ಇದ್ದು, ಹೊರಗಿನ ಗಾಳಿ ಅದಕ್ಕೆ ತಾಗದೇ ಹೋದರೆ, ಶುರುವಿನಲ್ಲಿ ಅದು ಸೆಕೆಂಡಿಗೆ ಹತ್ತಿರ ಹತ್ತಿರ 3 ಡಿಗ್ರಿಯಂತೆ ಕಾಯುತ್ತೆ.

ಎಂಜಿನ್‌ಗೆ ಹೋಗೋ ಗಾಳಿ 40ರಿಂದ 70 ಡಿಗ್ರಿಗೆ ಏರಿದರೆ, ಅದೇ ಒತ್ತಡದಲ್ಲಿ ಸಾಂದ್ರತೆ ಸುಮಾರು 9% ಬಿದ್ದುಹೋಗುತ್ತೆ. ಅಷ್ಟೇ ಅಲ್ಲ, ಬಿಸಿ ಗಾಳಿಗೆ ನಾಕಿಂಗ್ ಬೇಗ ಬರುತ್ತೆ. ಅದನ್ನು ತಡೆಯೋಕೆ ಇಸಿಯು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತೆ, ಪವರ್ ಇನ್ನಷ್ಟು ಇಳಿಯುತ್ತೆ. ಪವರ್ ಆಸೆಗೆ ಆ ಅಂತರವನ್ನೆಲ್ಲ ಟ್ಯೂನ್‌ನಲ್ಲಿ ತಿಂದುಹಾಕಿದ್ದರೆ ಬೆಲೆ ತೆರೋದು ಪಿಸ್ಟನ್.

ಸುಬಾರು ಡಬ್ಲ್ಯೂಆರ್‌ಎಕ್ಸ್ ಎಸ್‌ಟಿಐ ನೋಡಿ. ಅದರ ಇಂಟರ್‌ಕೂಲರ್ ಕೂತಿರೋದು ಎಂಜಿನ್ ಮೇಲೆಯೇ. ಕಾರು ಓಡ್ತಿರೋವಾಗ ಬಾನೆಟ್ ಮೇಲಿನ ಸ್ಕೂಪ್‌ನಿಂದ ಗಾಳಿ ಬರುತ್ತೆ, ಪೈಪ್ ಗಿಡ್ಡ, ಎಲ್ಲ ಚೆಂದ. ಸಿಗ್ನಲ್‌ನಲ್ಲಿ ನಿಂತರೆ ಸ್ಕೂಪ್‌ಗೆ ಗಾಳಿ ಇಲ್ಲ, ಕೆಳಗಿನ ಶಾಖವೆಲ್ಲ ಮೇಲಕ್ಕೆ. ಕೆಲವು ಎಸ್‌ಟಿಐ ಮಾದರಿಗಳಿಗೆ ಇಂಟರ್‌ಕೂಲರ್ ಮೇಲೆ ನೀರು ಚಿಮುಕಿಸೋ ವ್ಯವಸ್ಥೆಯನ್ನು ಕಂಪನಿಯೇ ಕೊಟ್ಟಿತ್ತು. ಇನ್ನೊಂದು ಪಾಠವೂ ಅಲ್ಲಿದೆ. ಈ ಕಾರಿನ ಹಲವು ವರ್ಷಗಳ ಮಾದರಿಗಳಲ್ಲಿ ಗಾಳಿಯ ತಾಪ ಅಳೆಯೋ ಸೆನ್ಸರ್ ಟರ್ಬೊಗಿಂತ ಮೊದಲೇ ಇದೆ. ಒಬಿಡಿಯಲ್ಲಿ ತಂಪಾಗಿ ಕಾಣೋ ನಂಬರ್ ನೋಡಿ ಖುಷಿಪಟ್ಟರೆ ಮೋಸ ಹೋದ ಹಾಗೆ. ಇಂಟರ್‌ಕೂಲರ್ ದಾಟಿದ ಮೇಲಿನ ತಾಪ ಬೇಕಿದ್ದರೆ ಅಲ್ಲಿ ಬೇರೆ ಸೆನ್ಸರ್ ಹಾಕಬೇಕು.

"ದೊಡ್ಡ ಇಂಟರ್‌ಕೂಲರ್ ಹಾಕಿದ್ರೆ ಮುಗೀತಲ್ಲ?" ಅಂತೀರಿ. ಭಾರ ಹೆಚ್ಚಿದರೆ ಕಾಯೋದು ನಿಧಾನ, ನಿಜ. ಆದರೆ ತಣಿಯೋದೂ ನಿಧಾನ. ನೀರಿನಿಂದ ತಣಿಸೋ ಇಂಟರ್‌ಕೂಲರ್ ಕಥೆಯೂ ಹೀಗೇ: ನೀರು ತುಂಬಾ ಶಾಖ ಹಿಡಿದಿಟ್ಟುಕೊಳ್ಳುತ್ತೆ, ಆಮೇಲೆ ಆ ನೀರನ್ನು ತಣಿಸೋಕೆ ಅದರದ್ದೇ ರೇಡಿಯೇಟರ್‌ಗೆ ಸಮಯ ಬೇಕು. ಶಾಖ ಎಲ್ಲಾದರೂ ಹೊರಗೆ ಹೋಗಲೇಬೇಕಲ್ಲ. ಅದಕ್ಕೇ ಖರ್ಚಿಗೆ ಮುಂಚೆ ಸಣ್ಣ ಕೆಲಸ ಮುಗಿಸೋಣ. ಬಂಪರ್‌ನಿಂದ ಬಂದ ಗಾಳಿ ಇಂಟರ್‌ಕೂಲರ್ ಪಕ್ಕದ ಸಂದಿಯಲ್ಲಿ ನುಸುಳಿ ಹೋಗದ ಹಾಗೆ ಡಕ್ಟ್ ಕಟ್ಟಿ ಸಂದಿ ಮುಚ್ಚೋಣ. ಗ್ರಿಲ್‌ಗೆ ಅಡ್ಡ ಇರೋ ಅಲಂಕಾರ ತೆಗೆಯೋಣ. ಟರ್ಬೊಗೆ ಹೀಟ್ ಶೀಲ್ಡ್ ಹಾಕೋಣ. ಟ್ರ್ಯಾಕ್‌ನಲ್ಲಿ ಒಂದು ಜೋರು ಲ್ಯಾಪ್ ಆದ ಮೇಲೆ ಒಂದು ತಣ್ಣನೆ ಲ್ಯಾಪ್ ಹೊಡೆಯೋಣ. ಇಷ್ಟೆಲ್ಲ ಆದ ಮೇಲೂ ತಾಪ ಇಳಿಯದಿದ್ದರೆ ಆಗ ದೊಡ್ಡದಕ್ಕೆ ದುಡ್ಡು ಹಾಕೋದು ಸರಿ.

ಒಂದು ಆಕ್ಷೇಪ ನ್ಯಾಯವಾದದ್ದೇ. ಡೈನೊ ಮುಂದಿನ ಫ್ಯಾನ್, ರಸ್ತೆಯಲ್ಲಿ ನೂರರ ವೇಗದಲ್ಲಿ ಬರೋ ಗಾಳಿಗೆ ಸಮ ಅಲ್ಲ. ಹಾಗಾಗಿ ಮೂರನೇ ರನ್ ಕಾರಿಗೆ ಅನ್ಯಾಯ ಮಾಡಬಹುದು. ಒಪ್ಪಿದೆವು. ಆದರೆ ರಾತ್ರಿಯೆಲ್ಲ ನಿಂತು ತಣಿದ ಕಾರಿನ ಮೊದಲ ರನ್ ನಮಗೆ ಮಾಡೋ ಅನ್ಯಾಯ ಅದಕ್ಕಿಂತ ದೊಡ್ಡದು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತ ಕಾರಿನ ಇಂಟರ್‌ಕೂಲರ್ ಯಾವತ್ತೂ ಮೊದಲ ರನ್‌ನ ಸ್ಥಿತಿಯಲ್ಲಿ ಇರಲ್ಲ.

ನಾವು ಕೇಳೋದು ಸಣ್ಣದು. ಇನ್ಮೇಲೆ ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ, ಫೆಸ್ಟ್‌ನ ಆಟೋ ಸ್ಟಾಲ್‌ನಲ್ಲಿ ಪವರ್ ನಂಬರ್ ಬರೆದರೆ ಮೂರೂ ರನ್ ಬರೆಯೋಣ. ಪಕ್ಕದಲ್ಲಿ ಹೊರಗಿನ ತಾಪ, ಇಂಟರ್‌ಕೂಲರ್ ದಾಟಿದ ಗಾಳಿಯ ತಾಪ ಎರಡೂ ಇರಲಿ. ನಂಬರ್ ಸ್ವಲ್ಪ ಚಿಕ್ಕದಾಗುತ್ತೆ, ಹಾಸ್ಟೆಲ್‌ನಲ್ಲಿ ಯಾರಾದರೂ ನಗಬಹುದು. ಆದರೆ ಅದನ್ನು ನಂಬಿ ಜೂನಿಯರ್ ಒಬ್ಬ ಅಪ್ಪನ ದುಡ್ಡು ಹಾಕಿದರೆ, ಆಮೇಲೆ ಅವನ ಮುಖ ನೋಡೋಕೆ ನಮಗೆ ನಾಚಿಕೆ ಆಗಲ್ಲ.