ಬಿಪಿಯ ಹಿಂದೆ ಅಡಗಿದ ಗಡ್ಡೆ

ಇದ್ದಕ್ಕಿದ್ದಂತೆ ತಲೆ ಸಿಡಿತ, ಮೈಯೆಲ್ಲ ಬೆವರು, ಎದೆ ಡವಡವ, ಜೊತೆಗೆ ಏರುವ ಬಿಪಿ. ಇದನ್ನು ಬರೀ ‘ಟೆನ್ಷನ್’ ಎಂದು ತಳ್ಳಿಹಾಕುವುದು ಅಪಾಯ. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟುವ ಫಿಯೋಕ್ರೊಮೊಸೈಟೋಮಾ ಎಂಬ ಅಪರೂಪದ ಗಡ್ಡೆ ಇದಕ್ಕೆ ಕಾರಣವಿರಬಹುದು. ಬಹುಪಾಲು ರೋಗಿಗಳಲ್ಲಿ ಅದು ಬೇರೆಡೆಗೆ ಹರಡುವುದಿಲ್ಲ. ಆದರೂ ಅದು ಸುರಿಸುವ ಹಾರ್ಮೋನು ಜೀವಕ್ಕೇ ಎರವಾಗಬಲ್ಲದು.

ರಕ್ತದಲ್ಲಿ ಅಥವಾ 24 ಗಂಟೆಗಳ ಮೂತ್ರದಲ್ಲಿ ಆ ಹಾರ್ಮೋನು ಒಡೆದು ಉಂಟಾಗುವ ಮೆಟಾನೆಫ್ರಿನ್ ಅಳೆದರೆ ಸುಳಿವು ಸಿಗುತ್ತದೆ. ಸಿಟಿ ಸ್ಕ್ಯಾನ್ ಜಾಗ ತೋರಿಸುತ್ತದೆ. 1926ರಲ್ಲೇ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದಲ್ಲಿ ಇಂಥ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದಿದ್ದರು. ಇಂದು ಹೆಚ್ಚಿನವಕ್ಕೆ ಲ್ಯಾಪರೊಸ್ಕೋಪಿ ಸಾಕು. ಆದರೆ ಆಪರೇಷನ್ನಿಗೆ ಮೊದಲಿನ ಒಂದೆರಡು ವಾರವೇ ನಿರ್ಣಾಯಕ: ಮೊದಲು ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್, ಬೇಕಾದರೆ ಆಮೇಲಷ್ಟೇ ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್. ಈ ಕ್ರಮ ತಪ್ಪಿದರೆ ಬಿಪಿ ಕೈಮೀರುತ್ತದೆ. ಮೆಟಾನೆಫ್ರಿನ್ ಪರೀಕ್ಷೆ ಜಿಲ್ಲಾ ಆಸ್ಪತ್ರೆಯ ಬಡ ರೋಗಿಗೂ ದಕ್ಕಬೇಕು. ಸರ್ಕಾರ ಅದಕ್ಕೆ ಏರ್ಪಾಡು ಮಾಡಲಿ.