ಕೊನೆಯ ಬೆಂಚಿನ ನಾಲ್ವರು

ಕಳೆದ ಮೇ ತಿಂಗಳ ಒಂದು ಸಂಜೆ, ಮಗ್‌ರಿಬ್ ನಮಾಝಿನ ಬಳಿಕ, ಶಿವಮೊಗ್ಗದ ನಮ್ಮ ಮೊಹಲ್ಲಾದ ತಂದೆಯೊಬ್ಬರು ಮಸೀದಿಯ ಮೆಟ್ಟಿಲ ಬಳಿ ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಮಗ ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ್ದ. ಮುಂದೆ ಎಲ್ಲಿಗೆ ಸೇರಿಸಬೇಕೆಂಬುದು ಅವರ ಚಿಂತೆ. ಕನ್ನಡ ಮಾಧ್ಯಮದ ಸರಕಾರಿ ಹೈಸ್ಕೂಲು ಮನೆಗೆ ಹತ್ತಿರವಿದೆ, ಪಾಠವೂ ಚೆನ್ನಾಗಿದೆಯೆಂದು ಕೇಳಿದ್ದಾರೆ. "ಆದರೆ ಅಲ್ಲಿ ನಮ್ಮವರು ಯಾರೂ ಇಲ್ಲ. ಹುಡುಗ ಒಂಟಿಯಾಗಿಬಿಡುತ್ತಾನೆ" ಎಂದರು.

ಇಂತಹ ಪ್ರಶ್ನೆಗೆ ನಮ್ಮ ಬಳಿ ಸಿದ್ಧವಾದ ಉತ್ತರವೊಂದಿದೆ. ವಿದ್ಯಾರ್ಜನೆಯ ಮಹತ್ವದ ಕುರಿತ ಪ್ರವಾದಿ(ಸ)ರ ವಚನವನ್ನು ನೆನಪಿಸಿ, ಧೈರ್ಯ ಹೇಳಿ ಕಳುಹಿಸಿಬಿಡುತ್ತೇವೆ. ಆ ಸಂಜೆ ಮಾತ್ರ ಆ ಉತ್ತರ ಗಂಟಲಿನಲ್ಲೇ ಉಳಿಯಿತು. ಅವರು ಒಂಟಿ ಎಂಬ ಪದವನ್ನು ಉಚ್ಚರಿಸಿದ ಕೂಡಲೇ ಭದ್ರಾವತಿಯ ಒಂದು ತರಗತಿಯ ಕೊನೆಯ ಬೆಂಚು ನಮ್ಮ ಕಣ್ಣ ಮುಂದೆ ಬಂದಿತ್ತು. "ನಾಳೆ ಹೇಳುತ್ತೇವೆ" ಎಂದು ಮನೆಗೆ ಹೊರಟೆವು. ಅವರಿಗೆ ಹೇಳಿದ್ದನ್ನು, ಹೇಳದೆ ಉಳಿಸಿಕೊಂಡದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇವೆ.

ನಾವು ಹೈಸ್ಕೂಲು ಸೇರಿದ್ದು 1993ರ ಜೂನ್‌ನಲ್ಲಿ. ಬಾಬರಿ ಮಸೀದಿ ಧ್ವಂಸವಾಗಿ ಆರು ತಿಂಗಳು ಕಳೆದಿತ್ತಷ್ಟೆ. ಉರ್ದು ಪ್ರಾಥಮಿಕ ಶಾಲೆಯಿಂದ ಬಂದ ನಾವು ನಾಲ್ವರು ಹುಡುಗರು ಒಟ್ಟಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆವು. ಅಲ್ಲಿ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಮೂರು ವರ್ಷ ಅಲ್ಲಿಂದ ಏಳಬೇಕೆಂದೂ ಯಾರೂ ಹೇಳಲಿಲ್ಲ.

ಭದ್ರಾವತಿ ಹೊರಗಿನವರಿಂದಲೇ ಕಟ್ಟಲ್ಪಟ್ಟ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಆ ಬಳಿಕ ಬಂದ ಕಾಗದದ ಕಾರ್ಖಾನೆ, ಇವೆರಡೂ ಎಲ್ಲೆಲ್ಲಿಂದಲೋ ಜನರನ್ನು ಕರೆತಂದವು. ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತನಾಡುವ ನಾವು, ಎಲ್ಲರೂ ಒಂದೇ ಸೈರನ್ನಿಗೆ ಎದ್ದು ಒಂದೇ ಗೇಟಿನೊಳಗೆ ಹೋಗುವವರು. ನಮ್ಮ ತಂದೆಯವರು ಕುಲುಮೆಯ ವಿಭಾಗದಲ್ಲಿ ದುಡಿದು ಮನೆಗೆ ಬಂದರೆ ಅವರ ಬಾಯಲ್ಲಿ ನಾಲ್ಕು ಭಾಷೆಗಳ ಮಾತು ಬೆರೆತಿರುತ್ತಿತ್ತು. ಬೆಂಕಿಯೆದುರು ನಿಂತವರಿಗೆ ಪಕ್ಕದವನ ಜಾತಿಗಿಂತ ಅವನ ಎಚ್ಚರ ಮುಖ್ಯವಾಗಿತ್ತು. ಅದೇ ಕಾರ್ಮಿಕರ ಮಕ್ಕಳು ತರಗತಿಯಲ್ಲಿ ಬೇರೆ ಬೇರೆ ಬೆಂಚುಗಳಲ್ಲಿ ಕುಳಿತೆವು.

ನಮ್ಮ ಮನೆಮಾತಿನಲ್ಲಿ ‘ಳ’ ಇಲ್ಲ, ‘ಣ’ ಇಲ್ಲ. ನಿರ್ಜೀವ ವಸ್ತುಗಳಿಗೂ ಗಂಡು, ಹೆಣ್ಣೆಂಬ ಭೇದವುಂಟು. ಮೊದಲ ವಾರವೇ ಎದ್ದು ನಿಂತು ಓದುವ ಸರದಿ ಬಂದಾಗ ‘ನಮ್ಮ ಹಳ್ಳಿ’ ಎನ್ನುವಲ್ಲಿ ‘ನಮ್ಮ ಹಲ್ಲಿ’ ಎಂದೆವು. ತಡವಾದುದಕ್ಕೆ ಕಾರಣ ಕೇಳಿದಾಗ ‘ಬಸ್ಸು ಈಗ ಬಂದಳು’ ಎಂದೆವು. ತರಗತಿ ನಕ್ಕಿತು. ಮಕ್ಕಳು ನಗುವುದು ಸಹಜ. ಆದರೆ ಆ ದಿನದಿಂದ ನಾವು ನಾಲ್ವರೂ ಬಾಯಿ ತೆರೆಯುವುದನ್ನು ನಿಲ್ಲಿಸಿದೆವು. ಉತ್ತರ ಗೊತ್ತಿದ್ದರೂ ಕೈ ಎತ್ತಲಿಲ್ಲ. ಉತ್ತರದಲ್ಲಿ ‘ಳ’ ಇದೆಯೇ ಎಂದು ಮೊದಲು ಎಣಿಸಿ ನೋಡುತ್ತಿದ್ದೆವು. ನಮ್ಮ ಹೆಸರುಗಳು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದವು. ಮೈದಾನದಲ್ಲಿ ನಾಲ್ವರಿಗೂ ಒಂದೇ ಹೆಸರು, ‘ಸಾಬಿ’.

1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನವು ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿತು. ಅದರ ವಿರುದ್ಧ ಎದ್ದ ಪ್ರತಿಭಟನೆ ಗಲಭೆಯಾಗಿ, ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ವಾರ್ತೆಯೂ ನಿಂತಿತು. ನಾವು ಆಗ ಒಂಬತ್ತನೆಯ ತರಗತಿ. ಭದ್ರಾವತಿಯ ನಮ್ಮ ಮನೆಯಲ್ಲಿ ಟಿವಿಯೇ ಇರಲಿಲ್ಲ. ಆ ವಾರ್ತೆಯನ್ನು ನಾವು ಒಂದು ದಿನವೂ ಕೇಳಲಿಲ್ಲ. ಆದರೂ ಮರುವಾರ ಶಾಲೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾದವರು ನಾವೇ ಆಗಿದ್ದೆವು. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿದಾಗ, ಭಾರತದ ನಾಯಕ ಮುಹಮ್ಮದ್ ಅಝರುದ್ದೀನ್ ಎಂಬುದು ತರಗತಿಗೆಲ್ಲ ಗೊತ್ತಿತ್ತು. ಆದರೂ ಸೋಮವಾರ ಬೆಳಗ್ಗೆ ಎಲ್ಲರೂ ನಮ್ಮ ಮುಖವನ್ನೇ ನೋಡಿದರು. ನಾವು ನಿಜಕ್ಕೂ ಸಂತೋಷಪಟ್ಟಿದ್ದೆವು. ಆದರೆ ಪರೀಕ್ಷಿಸಿ ನೋಡಲಾಗುವ ಸಂತೋಷ, ಮುಖದ ಮೇಲೆ ಸುಳ್ಳಿನಂತೆಯೇ ಕಾಣುತ್ತದೆ.

ಇಷ್ಟನ್ನು ನಾವು ಹಲವು ಬಾರಿ ಹೇಳಿಕೊಂಡಿದ್ದೇವೆ, ಕೇಳಿದವರು ಮರುಗಿದ್ದಾರೆ. ಇದುವರೆಗೆ ಹೇಳದೆ ಉಳಿಸಿದ ಮಾತೂ ಇದೆ.

ಆ ಕೊನೆಯ ಬೆಂಚಿನಲ್ಲಿ ಕುಳಿತು ನಾವು ಸಹಪಾಠಿಗಳ ಕುರಿತು ನಮ್ಮ ಭಾಷೆಯಲ್ಲಿ ಬೇಕಾದಷ್ಟು ಆಡಿಕೊಂಡೆವು. ಅವರ ನಡೆ, ಅವರ ಊಟ, ಅವರ ಹಬ್ಬ, ಯಾವುದನ್ನೂ ಬಿಡಲಿಲ್ಲ. ಅವರಿಗೆ ಅದು ಅರ್ಥವಾಗಲಿಲ್ಲ, ಅಲ್ಲಾಹನಿಗೆ ಅರ್ಥವಾಗುತ್ತಿತ್ತು. ನಮ್ಮ ಮುಂದಿನ ಬೆಂಚಿನ ಮೂಲೆಯಲ್ಲಿ ಒಬ್ಬ ದಲಿತ ಹುಡುಗ ಕೂರುತ್ತಿದ್ದ. ಅವನೊಂದಿಗೆ ಯಾರೂ ಬುತ್ತಿ ಹಂಚಿಕೊಳ್ಳುತ್ತಿರಲಿಲ್ಲ. ಇಸ್ಲಾಮಿನಲ್ಲಿ ಅಸ್ಪೃಶ್ಯತೆ ಇಲ್ಲವೆಂದು ಮನೆಯಲ್ಲಿ, ಮಸೀದಿಯಲ್ಲಿ ಕೇಳಿ ಬೆಳೆದ ನಾವು ನಾಲ್ವರು, ಮೂರು ವರ್ಷಗಳಲ್ಲಿ ಒಂದು ದಿನವಾದರೂ ಅವನನ್ನು ನಮ್ಮ ಬುತ್ತಿಗೆ ಕರೆಯಬಹುದಿತ್ತು. ಕರೆಯಲಿಲ್ಲ. ಹೊರಗಿನವರಾಗಿರುವುದರಿಂದಲೇ ಯಾರೂ ನ್ಯಾಯವಂತರಾಗುವುದಿಲ್ಲ ಎಂಬುದಕ್ಕೆ ನಮಗೆ ಬೇರೆ ಸಾಕ್ಷಿ ಬೇಡ.

ನಮ್ಮನ್ನು ಆ ಬೆಂಚಿನಿಂದ ಎಬ್ಬಿಸಿದವರು ಕನ್ನಡ ಮೇಷ್ಟ್ರು. ಹತ್ತನೆಯ ತರಗತಿಯ ಆರಂಭದಲ್ಲಿ ಒಂದು ದಿನ ಅವರು ಕಪ್ಪುಹಲಗೆಯ ಮೇಲೆ ಕುರ್ಚಿ, ಕಾಗದ, ರೈತ, ಜಿಲ್ಲೆ, ಅರ್ಜಿ, ವಕೀಲ, ಬಾಕಿ ಎಂದು ಬರೆದರು. ಬಳಿಕ ನಮ್ಮತ್ತ ತಿರುಗಿ, "ಇವು ನಿಮ್ಮ ಮನೆಯ ಕಡೆಯಿಂದ ಬಂದ ಪದಗಳು. ಇವಿಲ್ಲದೆ ನಮಗೆ ಕೂರಲು ಕುರ್ಚಿಯಿಲ್ಲ, ಕಾಗದನಗರಕ್ಕೆ ಹೆಸರೂ ಇಲ್ಲ. ಯಾವುದರ ಮೂಲ ಯಾವುದು, ಹೇಳಿ ನೋಡೋಣ" ಎಂದರು. ಆಯತುಲ್ ಕುರ್ಸಿಯನ್ನು ದಿನವೂ ಪಠಿಸುತ್ತಿದ್ದ ನಮಗೆ ಆ ‘ಕುರ್ಸಿ’ಯೇ ಮೇಷ್ಟ್ರ ಕುರ್ಚಿಯೆಂದು ಅಂದಿನವರೆಗೆ ಹೊಳೆದಿರಲಿಲ್ಲ. ಎದ್ದು ನಿಂತು ಹೇಳಿದೆವು. ಯಾರೂ ನಗಲಿಲ್ಲ. ಆ ವರ್ಷ ಕನ್ನಡದಲ್ಲಿ ನಮಗೆ ಬಂದ ಅಂಕಗಳಿಗೂ, ಮದ್ರಸದ ವ್ಯಾಸಂಗ ಮುಗಿಸಿ ಕನ್ನಡ ಬಿಎಗೆ ಕಟ್ಟಿದುದಕ್ಕೂ, ಆ ಒಂದು ತಾಸು ಕಾರಣ. ಅವರು ಮಾಡಿದ್ದು ದೊಡ್ಡ ಉಪಕಾರವೇನಲ್ಲ. ನಮ್ಮ ಕೈಯಲ್ಲಿರುವುದನ್ನು ತರಗತಿಗೆ ಬೇಕಾದುದು ಎಂದು ತೋರಿಸಿಕೊಟ್ಟರು, ಅಷ್ಟೆ.

ಮದ್ರಸಕ್ಕೆ ಸೇರಿದಾಗ ನಾವು ಮತ್ತೊಮ್ಮೆ ಹೊರಗಿನವರಾದೆವು. ಅಲ್ಲಿ ಕನ್ನಡ ಪುಸ್ತಕ ಹಿಡಿದವನನ್ನು ಕಂಡು ನಗುವವರಿದ್ದರು. ಪ್ರತಿಯೊಬ್ಬ ಪ್ರವಾದಿಯನ್ನೂ ಅವರವರ ಜನತೆಯ ಭಾಷೆಯಲ್ಲೇ ಕಳುಹಿಸಲಾಯಿತೆಂದು ಸೂರಃ ಇಬ್ರಾಹೀಮ್ ಹೇಳುತ್ತದೆ. ಭಾಷೆಗಳ, ವರ್ಣಗಳ ವೈವಿಧ್ಯವನ್ನು ಸೂರಃ ರೂಮ್ ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸುತ್ತದೆ. ಇವನ್ನು ಕಂಠಪಾಠ ಮಾಡುತ್ತಲೇ ನಮ್ಮ ನೆರೆಹೊರೆಯ ಭಾಷೆಯನ್ನು ಪರಕೀಯವೆಂದು ಕಾಣುತ್ತಿದ್ದೆವು.

ಇನ್ನು ನಮ್ಮ ಮನಸ್ಸನ್ನು ಇಂದಿಗೂ ಚುಚ್ಚುವ ಸಂಗತಿ. ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ನಮ್ಮ ಸಂಜೆಯ ಮದ್ರಸಕ್ಕೆ ಅಸ್ಸಾಮಿನಿಂದ ಬಂದ ಕಟ್ಟಡ ಕಾರ್ಮಿಕರೊಬ್ಬರ ಮಗ ಸೇರಿದ. ಅವನಿಗೆ ಉರ್ದುವೂ ಬಾರದು, ಕನ್ನಡವೂ ಬಾರದು. ಕುರ್‌ಆನ್ ಪಾರಾಯಣದಲ್ಲಿ ‘ಝ’ ಬರುವಲ್ಲೆಲ್ಲ ‘ಜ’ ಎನ್ನುತ್ತಿದ್ದ. ಮಕ್ಕಳು ನಕ್ಕರು. ನಾವು ಅವರನ್ನು ಗದರಬೇಕಿತ್ತು. ಗದರಲಿಲ್ಲ, ನಮ್ಮ ಮುಖದಲ್ಲೂ ಒಂದು ನಗು ಸುಳಿದು ಹೋಯಿತು. ಹುಡುಗ ಅದನ್ನು ನೋಡಿದ. ಮರುವಾರದಿಂದ ಅವನು ಬರಲಿಲ್ಲ. ವಿಚಾರಿಸುತ್ತ ಹೋಗುವಷ್ಟರಲ್ಲಿ ಕೆಲಸ ಮುಗಿದು ಆ ಕುಟುಂಬ ಬೇರೆ ಊರಿಗೆ ಹೋಗಿತ್ತು. ‘ಹಲ್ಲಿ’ ಎಂದು ನಗಿಸಿಕೊಂಡವನು ನಾಳೆ ತಾನೇ ಮೇಷ್ಟ್ರಾದಾಗ ಏನು ಮಾಡಬಹುದೆಂಬುದು ಅಂದು ತಿಳಿಯಿತು. ಯಾರೂ ಯಾರನ್ನೂ ಗೇಲಿ ಮಾಡಬಾರದೆಂಬ ಆದೇಶವೂ, ಜನಾಂಗಗಳನ್ನು ಮಾಡಿರುವುದು ಪರಸ್ಪರ ಪರಿಚಯಕ್ಕಾಗಿ ಎಂಬ ಘೋಷಣೆಯೂ ಸೂರಃ ಹುಜುರಾತ್‌ನಲ್ಲಿ ಹತ್ತಿರ ಹತ್ತಿರದಲ್ಲೇ ಇವೆ. ನಾವು ಎರಡನೆಯದನ್ನು ವೇದಿಕೆಗಳಲ್ಲಿ ಹೇಳುತ್ತೇವೆ, ಮೊದಲನೆಯದನ್ನು ತರಗತಿಯಲ್ಲಿ ಮರೆಯುತ್ತೇವೆ.

ನಮ್ಮ ಉಪನ್ಯಾಸಗಳಲ್ಲಿ ಆಗಾಗ ಕೇಳಿಬರುವ ಒಂದು ಹದೀಸ್ ಇದೆ. ಇಸ್ಲಾಮ್ ಅಪರಿಚಿತವಾಗಿ ಆರಂಭವಾಯಿತು, ಮತ್ತೆ ಅಪರಿಚಿತವಾಗುವುದು, ಅಪರಿಚಿತರಿಗೆ ಶುಭವಿರಲಿ ಎಂಬ ಆಶಯದ ವಚನ ಅದು. ಒಂಟಿಯಾದವರಿಗೆ ಅದು ಸಾಂತ್ವನ. ಆದರೆ ಬೇಲಿ ಹಾಕಿಕೊಂಡು ಕೂರುವುದಕ್ಕೆ ಅದನ್ನು ಪರವಾನಗಿಯಾಗಿ ಬಳಸುವವರೂ ಇದ್ದಾರೆ. ಜನರು ಕೆಡಿಸಿದ್ದನ್ನು ಸರಿಪಡಿಸುವವರೇ ಆ ಅಪರಿಚಿತರು ಎಂಬ ವಿವರಣೆ ತಿರ್ಮಿದಿಯ ವರದಿಯಲ್ಲಿದೆ. ಸರಿಪಡಿಸಬೇಕಾದವನು ಜನರ ನಡುವೆ ಇರಬೇಕು, ಅವರ ಮಾತು ಬಲ್ಲವನಾಗಿರಬೇಕು. ಪ್ರವಾದಿ(ಸ)ರ ಆದೇಶದಂತೆ ಝೈದ್ ಬಿನ್ ಸಾಬಿತ್(ರ)ರು ಯಹೂದಿಯರ ಲಿಪಿಯನ್ನು ಸುಮಾರು ಹದಿನೈದು ದಿನಗಳಲ್ಲಿ ಕಲಿತರೆಂದೂ ತಿರ್ಮಿದಿಯಲ್ಲೇ ಇದೆ.

ಇದಕ್ಕೆ ಹತ್ತಿರದ ಸಂಗತಿಯೊಂದು ನಮ್ಮ ಶಿವಮೊಗ್ಗದಲ್ಲೇ ನಡೆದಿದೆ. ಎಂಟು ವರ್ಷದ ಬಾನು ಮುಷ್ತಾಕ್ ಅವರನ್ನು ಇಲ್ಲಿನ ಕನ್ನಡ ಮಾಧ್ಯಮದ ಮಿಷನರಿ ಶಾಲೆಯೊಂದಕ್ಕೆ ಸೇರಿಸಿಕೊಂಡದ್ದು, ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. 2025ರ ಮೇ ತಿಂಗಳಲ್ಲಿ ಅವರ ಕತೆಗಳ ಅನುವಾದ ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕೃತಿಯೊಂದಕ್ಕೆ ಅದು ಮೊದಲನೆಯದು. ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಬೋಧಿಸಿದ ಕೆ.ಎಸ್. ನಿಸಾರ್ ಅಹಮದ್ ಅವರು, ಜೊತೆಗಿದ್ದೂ ಬೇರೆಯಾಗಿ ಉಳಿಯುವ ಸಂಕಟವನ್ನು ಕನ್ನಡ ಕವಿತೆಯಾಗಿಸಿದವರು. 2006ರ ಡಿಸೆಂಬರ್‌ನಲ್ಲಿ ಇದೇ ಶಿವಮೊಗ್ಗದಲ್ಲಿ ಸೇರಿದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕನ್ನಡ ಕಲಿತದ್ದರಿಂದ ಅವರ ಸಂಕಟ ಮಾಯವಾಗಲಿಲ್ಲ. ಆದರೆ ಅದನ್ನು ಹೇಳುವ ನಾಲಗೆ ದೊರೆಯಿತು, ಕೇಳುವ ಕಿವಿಗಳೂ ದೊರೆತವು.

ಹಾಗೆಂದು ಎಲ್ಲ ಹೊರೆಯನ್ನೂ ಮಗುವಿನ ತಲೆಯ ಮೇಲೆ ಹೊರಿಸಲು ನಾವು ಸಿದ್ಧರಿಲ್ಲ. 2022ರ ಫೆಬ್ರವರಿ 14ರಂದು ಹೈಸ್ಕೂಲುಗಳು ಮರಳಿ ತೆರೆದಾಗ, ಶಿವಮೊಗ್ಗದಲ್ಲಿ ಕೆಲವು ಹೆಣ್ಣುಮಕ್ಕಳು ಹಿಜಾಬ್ ತೆಗೆಯಲೊಪ್ಪದೆ, ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಬರೆಯದೆ ಮನೆಗೆ ಮರಳಿದರು. ಆ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನು ನೀಡಿದರು. ದೇಶದ ಉನ್ನತ ನ್ಯಾಯಪೀಠವೇ ಒಮ್ಮತಕ್ಕೆ ಬಾರದ ಪ್ರಶ್ನೆಯನ್ನು ಹದಿನೈದು ವರ್ಷದ ಹುಡುಗಿ ಶಾಲೆಯ ಗೇಟಿನ ಮುಂದೆ ನಿಂತು ಒಂದೇ ನಿಮಿಷದಲ್ಲಿ ಬಗೆಹರಿಸಬೇಕಾಯಿತು. ಇದು ಮಕ್ಕಳ ಮೇಲೆ ಹಿರಿಯರು ಹೊರಿಸಿದ ಭಾರ. ಶಾಲೆಗೂ ಹೊಣೆಯುಂಟು, ಸರಕಾರಕ್ಕೂ ಉಂಟು. ಅದನ್ನು ಕೇಳುತ್ತಲೇ ಇರಬೇಕು. ಕೇಳುವುದಕ್ಕಾದರೂ ನಾವು ಆ ಶಾಲೆಯ ಆವರಣದಲ್ಲಿರಬೇಕು.

ಮರುದಿನ ನಾವು ಆ ತಂದೆಗೆ ಹೇಳಿದ್ದು ಇಷ್ಟು. ಮಗನನ್ನು ಕಳುಹಿಸಿ, ಆದರೆ ಸಿದ್ಧಗೊಳಿಸಿ ಕಳುಹಿಸಿ. ಮನೆಗೆ ಒಂದು ಕನ್ನಡ ಪತ್ರಿಕೆ ತರಿಸಿ, ದಿನವೂ ಅರ್ಧ ತಾಸು ಗಟ್ಟಿಯಾಗಿ ಓದಿಸಿ. ಮೊಹಲ್ಲಾದ ಇನ್ನಿಬ್ಬರು ಮೂವರನ್ನು ಒಪ್ಪಿಸಿ ಒಟ್ಟಿಗೆ ಸೇರಿಸಿ. ತರಗತಿಯಲ್ಲಿ ಮಾತ್ರ ಬೇರೆ ಬೇರೆ ಬೆಂಚುಗಳಲ್ಲಿ ಕೂರಲು ಹೇಳಿ. ಮೊದಲ ದಿನ ನೀವೇ ಹೋಗಿ ಮೇಷ್ಟ್ರನ್ನು ಕಾಣಿ, ಪೋಷಕರ ಸಭೆಗಳನ್ನು ತಪ್ಪಿಸಬೇಡಿ. ಈದಿನ ದಿನ ಅವನ ಸಹಪಾಠಿಗಳು ನಿಮ್ಮ ಮನೆಯಲ್ಲಿರಲಿ. ಯಾರೊಂದಿಗೂ ಬುತ್ತಿ ಹಂಚಿಕೊಳ್ಳದ ಹುಡುಗ ಆ ತರಗತಿಯಲ್ಲೂ ಒಬ್ಬನಿರುತ್ತಾನೆ; ಅವನನ್ನು ಹುಡುಕಿ ಅವನ ಪಕ್ಕ ಕೂರಬೇಕೆಂದು ಮಗನಿಗೆ ತಿಳಿಸಿ. ಅವಮಾನವಾದರೆ ಮನೆಗೆ ಬಂದು ಹೇಳಲಿ, ನೀವು ಕೇಳಿಸಿಕೊಳ್ಳಿ. ನಮ್ಮ ತಂದೆಗೆ ನಾವು ಮೂರು ವರ್ಷ ಏನನ್ನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಜೂನ್‌ನಲ್ಲಿ ಆ ಹುಡುಗ ಶಾಲೆ ಸೇರಿದ. ಕೆಲವೊಮ್ಮೆ ಇಶಾ ನಮಾಝಿನ ಬಳಿಕ ಪಠ್ಯಪುಸ್ತಕದೊಡನೆ ನಮ್ಮ ಬಳಿ ಬರುತ್ತಾನೆ. ನಾಲಗೆಯನ್ನು ಹಿಂದಕ್ಕೆ ಮಡಚಿ ‘ಳ’ ಹೇಳುವುದನ್ನು ಇಬ್ಬರೂ ಕುಳಿತು ಅಭ್ಯಾಸ ಮಾಡುತ್ತೇವೆ. ಇನ್ನೂ ಪೂರ್ತಿ ಬಂದಿಲ್ಲ, ಬರುತ್ತದೆ. ತನ್ನ ನಾಲಗೆಯ ಗಂಟನ್ನು ಬಿಡಿಸೆಂದು ಮೂಸಾ(ಅ)ರು ಪ್ರಾರ್ಥಿಸಿದರು. ನಮ್ಮ ಮಕ್ಕಳ ನಾಲಗೆಯ ಗಂಟನ್ನೂ, ಅವರನ್ನು ಕಂಡು ನಗುವವರ ಮತ್ತು ನಮ್ಮೆಲ್ಲರ ಹೃದಯದ ಗಂಟನ್ನೂ ಅಲ್ಲಾಹನು ಬಿಡಿಸಲಿ. ಆ ಅಸ್ಸಾಮಿನ ಮಗು ಎಲ್ಲಿದ್ದರೂ ಅವನಿಗೆ ನಮಗಿಂತ ಉತ್ತಮ ಗುರುವನ್ನು ಕರುಣಿಸಲಿ, ನಮ್ಮನ್ನು ಕ್ಷಮಿಸಲಿ. ಆಮೀನ್.