ಕಬ್ಬಿನ ಹಂಗಾಮ ಸುರುವಾಗುವ ಮುಂಚೆ ಮಕ್ಕಳ ಲೆಕ್ಕ ಆಗಲಿ!

ಭೂಸನೂರಿನ ತಾಯಂದಿರೆ, ಅಣ್ಣ ತಮ್ಮಂದಿರೆ, ಹಿರಿಯರೆ, ತಾಂಡಾದ ಬಂಧುಗಳೆ,

ಕಾರ್ಖಾನೆಯ ಚಿಮಣಿ ಹೊಗೆ ಬಿಡುವ ದಿನ ಹತ್ತಿರ ಬಂತು. ಟನ್ನಿಗೆ ಎಷ್ಟು ದರ, ಯಾರ ಹೊಲಕ್ಕೆ ಕಬ್ಬು ಕಡಿಯುವ ಯಾವ ಟೋಳಿ, ಯಾವ ಟೋಳಿಗೆ ಎಷ್ಟು ಮುಂಗಡದ ಉಚಲು ಎಂಬುದಕ್ಕೆಲ್ಲ ಲೆಕ್ಕ ಇದೆ. ಟೋಳಿ ಕರೆತರುವ ಮುಕಾದಮನ ಕಿಸೆಯ ಡೈರಿಯಲ್ಲಿದೆ, ಕಾಟಾ ಚೀಟಿಯಲ್ಲಿದೆ. ಗಂಡ ಹೆಂಡತಿ ಇಬ್ಬರೂ ಸೇರಿದರೆ ಒಂದು ಕೊಯ್ತಾ. ಆ ಕೊಯ್ತಾದ ಹಿಂದೆ ಟ್ರಾಲಿಯಲ್ಲಿ ಪಾತ್ರೆ, ಹಾಸಿಗೆ, ಆಡುಮರಿಗಳ ನಡುವೆ ಕೂತು ಬರುವ ಮಕ್ಕಳೆಷ್ಟು? ಕೇಳಿ ನೋಡಿ, ಇಬ್ಬರು ಒಂದೇ ಸಂಖ್ಯೆ ಹೇಳುವುದಿಲ್ಲ. ಇನ್ನು ನಮ್ಮದೇ ಊರಿಂದ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರು ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳೆಷ್ಟು? ಅದೂ ಗೊತ್ತಿಲ್ಲ.

ಈ ಲೆಕ್ಕ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಲೆಕ್ಕಕ್ಕೆ ಬಾರದ ಮಕ್ಕಳ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೂ "ಹುಡುಗರಿಗೇನು ತಿಳೀತದ, ನಾಳಿಗೆ ಮರೀತಾವ" ಅನ್ನುವುದು ನಮ್ಮ ಕಟ್ಟೆಯ ಮಾತು. ಮನಸ್ಸು ಮರೆತರೂ ಮೈ ಮರೆಯುವುದಿಲ್ಲ ಎಂದು ಸಾರ್ವಜನಿಕ ಆರೋಗ್ಯದ ಸಂಶೋಧನೆ ಹೇಳಲು ಸುರುಮಾಡಿ ಕಾಲು ಶತಮಾನ ದಾಟಿತು.

ಅಮೆರಿಕದ ಸ್ಯಾನ್ ಡಿಯಾಗೊ ಎಂಬ ಊರಲ್ಲಿ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಎಂಬ ವೈದ್ಯರು 1995ರಿಂದ 1997ರವರೆಗೆ 17 ಸಾವಿರಕ್ಕೂ ಹೆಚ್ಚು ದೊಡ್ಡವರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. 18 ತುಂಬುವ ಮೊದಲು ಮನೆಯಲ್ಲಿ ಹೊಡೆತ ತಿಂದಿರಾ? ಯಾರಾದರೂ ಮೈಮುಟ್ಟಿ ಕೆಟ್ಟದ್ದು ಮಾಡಿದರಾ? ತಾಯಿಗೆ ಹೊಡೆಯುವುದನ್ನು ಕಂಡಿರಾ? ಮನೆಯಲ್ಲಿ ಕುಡುಕರು, ಮಾನಸಿಕ ಕಾಯಿಲೆಯವರು, ಜೈಲಿಗೆ ಹೋದವರು ಇದ್ದರಾ? ಉತ್ತರಗಳನ್ನು ಅವರವರ ಆರೋಗ್ಯದ ಜೊತೆ ಇಟ್ಟು ನೋಡಿದರು. 1998ರಲ್ಲಿ ಮೊದಲ ವರದಿ ಬಂತು. ಅರ್ಧಕ್ಕಿಂತ ಹೆಚ್ಚು ಜನ ಇಂಥ ಒಂದಾದರೂ ಕಷ್ಟ ಕಂಡಿದ್ದರು. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಕುಡಿತದ ಚಟ, ಮಾದಕ ವಸ್ತುವಿನ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ, ಒಂದೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಹೃದಯದ ಕಾಯಿಲೆ, ಶ್ವಾಸಕೋಶದ ಕಾಯಿಲೆ, ಲಿವರಿನ ಕಾಯಿಲೆ ಕೂಡ ಬಾಲ್ಯದ ಕಷ್ಟ ಹೆಚ್ಚಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದವು.

ಗಮನಿಸಿ, ಅವರು ಬಡವರಲ್ಲ. ಹೆಚ್ಚಿನವರು ಓದಿದವರು, ಕೆಲಸ ಇದ್ದವರು, ಆರೋಗ್ಯ ವಿಮೆ ಇದ್ದವರು. ಹಾಗಾಗಿ ಇದು ಗುಡಿಸಲಿನ ಸಮಸ್ಯೆ, ಮಾಳಿಗೆ ಮನೆಯದ್ದಲ್ಲ ಎಂದು ಯಾರೂ ಜಾರಿಕೊಳ್ಳಲಾಗದು. ಗೌಡರ ಮನೆಯಲ್ಲೂ ಬಾಗಿಲು ಹಾಕಿಕೊಂಡು ಹೊಡೆಯುತ್ತಾರೆ.

ಮೈಯೊಳಗೆ ಆಗುವುದೇನು? ಹೆದರಿದಾಗ ಎದೆ ಡವಡವ ಅನ್ನುತ್ತದೆ, ರಕ್ತದೊತ್ತಡ ಏರುತ್ತದೆ, ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಹರಿಯುತ್ತವೆ. ನಾಯಿ ಬೆನ್ನತ್ತಿದಾಗ ಓಡಲು ಇದು ಬೇಕು. ನಾಯಿ ಹೋದ ಮೇಲೆ ಮೈ ತಣ್ಣಗಾಗಬೇಕು. ಆದರೆ ಹೆದರಿಸುವವರು ಮನೆಯಲ್ಲೇ ಇದ್ದರೆ, ದಿನಾ ಸಂಜೆ ಅವರ ಹೆಜ್ಜೆಯ ಸಪ್ಪಳಕ್ಕೆ ಮಗು ನಡುಗಿದರೆ, ಆ ರಸಗಳ ಹರಿವು ನಿಲ್ಲುವುದೇ ಇಲ್ಲ. ನೀರು ಬತ್ತಿದ ಬೋರಿನಲ್ಲಿ ಮೋಟಾರು ಓಡುತ್ತಲೇ ಇದ್ದರೆ ಅದರ ಗತಿ ಏನೆಂದು ನಿಮಗೇ ಗೊತ್ತು. ಬೆಳೆಯುತ್ತಿರುವ ಮಿದುಳಿನಲ್ಲಿ ನೆನಪು, ಗಮನ, ಸಿಟ್ಟಿನ ಹಿಡಿತ ನೋಡಿಕೊಳ್ಳುವ ಭಾಗಗಳಿಗೆ ಪೆಟ್ಟು ಬೀಳುತ್ತದೆ. ಸಾಲಿಯಲ್ಲಿ ಮಾಸ್ತರು "ಇವನಿಗೆ ತಲಿ ಇಲ್ಲ" ಎಂದು ಬಿಟ್ಟುಬಿಡುವ ಹುಡುಗನಿಗೆ ಎಷ್ಟೋ ಸಲ ತಲೆ ಇರುತ್ತದೆ, ರಾತ್ರಿ ನಿದ್ದೆ ಇರುವುದಿಲ್ಲ.

ನಮ್ಮ ದೇಶದ ಮಾತು ಹೇಳಿ ಅನ್ನುತ್ತೀರಿ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ ಹೊರತಂದ ಅಧ್ಯಯನಕ್ಕಾಗಿ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿದ್ದರು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಕಂಡಿದ್ದರು. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗುರುತಿದ್ದವರು, ನಂಬಿಕೆಯವರು. ಆ 13ರಲ್ಲಿ ಕರ್ನಾಟಕ ಇರಲಿಲ್ಲ. ಮಹಾರಾಷ್ಟ್ರ ಇತ್ತು, ಆಂಧ್ರ ಇತ್ತು. ನಮ್ಮ ಆಳಂದ ತಾಲೂಕು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡೇ ಇದೆ. ಗಡಿ ದಾಟಿದರೆ ಮಕ್ಕಳ ಬೆನ್ನು ಬೇರೆ ಆಗುತ್ತದೆಯೆ?

ನಮ್ಮ ರಾಜ್ಯದ ಅಂಕಿಯೂ ಇದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ಮಹಿಳೆಯರಲ್ಲಿ ಶೇ 44.4 ಮಂದಿ ಗಂಡನ ಹಿಂಸೆ ಅನುಭವಿಸಿದ್ದೇವೆ ಎಂದರು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಹೊಡೆತ ತಿಂದವಳು ತಾಯಿ. ಮೂಲೆಯಲ್ಲಿ ಕೌದಿ ಹೊದ್ದು, ಮಲಗಿದಂತೆ ಮಾಡಿ ಕೇಳಿಸಿಕೊಂಡವರು ಯಾರು? ಅವರ ಮೈಮೇಲೆ ಬಾಸುಂಡೆ ಇಲ್ಲದಿರಬಹುದು, ಆದರೆ ಅಮೆರಿಕದ ಆ ವೈದ್ಯರ ಪಟ್ಟಿಯಲ್ಲಿ ಇದೂ ಒಂದು ಪೆಟ್ಟು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಮೈಸೂರಿನಿಂದ ಇಂಫಾಲದವರೆಗೆ ಸುಮಾರು 9,000 ಮಕ್ಕಳು, ಹರೆಯದವರ ಅಧ್ಯಯನ ನಡೆದಿದೆ. ಬಾಲ್ಯದ ಕಷ್ಟ ಹೆಚ್ಚಿದಲ್ಲಿ ಮನಸ್ಸಿನ ತೊಂದರೆಯೂ ಹೆಚ್ಚಿರುವುದು ಅಲ್ಲೂ ಕಂಡಿದೆ.

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಲಗ್ನವಾಗಿತ್ತು. ನಮ್ಮಲ್ಲಿ ಇದಕ್ಕೂ ದುಡಿಯಲು ಹೋಗುವುದಕ್ಕೂ ಗಂಟು ಬಿದ್ದಿದೆ. "ಬೆಳದ ಹುಡುಗೀನ ಯಾರ ಹತ್ರ ಬಿಟ್ಟು ಹೋಗೂದು? ಲಗ್ನ ಮಾಡಿದ್ರ ಚಿಂತಿ ಇಲ್ಲ" ಅನ್ನುವ ತಾಯಿಯನ್ನು ಬೈದು ಪ್ರಯೋಜನವಿಲ್ಲ. ಅವಳ ಹೆದರಿಕೆ ಸುಳ್ಳಲ್ಲ. ಕಬ್ಬಿನ ಕೆಲಸಕ್ಕೆ ಜೋಡಿ ಬೇಕು, ಲಗ್ನವಾದರೆ ಇನ್ನೊಂದು ಕೊಯ್ತಾ ಆಗುತ್ತದೆ ಎಂಬ ಲೆಕ್ಕವೂ ಒಳಗೆ ಇರುತ್ತದೆ. ಆದರೆ 15ಕ್ಕೆ ಲಗ್ನ, 16ಕ್ಕೆ ಬಾಣಂತನ ಎಂದರೆ, ಒಂದು ಮಗುವಿನ ಕಷ್ಟವನ್ನು ಇನ್ನೊಂದು ಮಗುವಿನ ತೊಟ್ಟಿಲಿಗೆ ದಾಟಿಸಿದ ಹಾಗೆ. 2016ರ ಕರ್ನಾಟಕ ತಿದ್ದುಪಡಿಯಿಂದ ಬಾಲ್ಯವಿವಾಹ ಕಾನೂನಿನ ಮುಂದೆ ಮೊದಲಿನಿಂದಲೇ ಅಸಿಂಧು. ಲಗ್ನಪತ್ರಿಕೆ ಅಚ್ಚಾದರೂ, ಅಕ್ಕಿಕಾಳು ಬಿದ್ದರೂ ಅದು ಲಗ್ನವಲ್ಲ.

ಪಕ್ಕದ ವಿಜಯಪುರ, ಅದರಾಚೆಯ ಬಾಗಲಕೋಟೆ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಸಾಲಿ ಬಿಡದಂತೆ, ಬೇಗ ಲಗ್ನವಾಗದಂತೆ 'ಸಮತಾ' ಎಂಬ ಯೋಜನೆ ಕೆಲವು ವರ್ಷ ನಡೆಯಿತು. ಕಡೆಗೆ ಅಳೆದು ನೋಡಿದಾಗ ಯೋಜನೆ ಇದ್ದ ಹಳ್ಳಿಗೂ ಇಲ್ಲದ ಹಳ್ಳಿಗೂ ಒಟ್ಟಾರೆ ಹೆಚ್ಚು ಫರಕು ಕಾಣಲಿಲ್ಲ. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇವೆ. ಹೊರಗಿನಿಂದ ಯೋಜನೆ ಬಂದು ನಮ್ಮ ಮಕ್ಕಳನ್ನು ಕಾಯುತ್ತದೆ ಎಂದು ಕೈಕಟ್ಟಿ ಕೂಡುವುದು ಬೇಡ ಎಂಬುದಕ್ಕೇ ಹೇಳುತ್ತಿದ್ದೇವೆ.

ಇಷ್ಟು ಓದಿ ಯಾರಾದರೂ "ಹಂಗಾರ ಹೊಡತ ತಿಂದ ನನ್ನ ಬಾಳೇವು ಕೆಟ್ಟೇ ಹೋತು" ಎಂದು ತಿಳಿದರೆ ಅದು ತಪ್ಪು. ಈ ಅಂಕಿಗಳು ಸಾವಿರಾರು ಜನರ ಸರಾಸರಿ. ಇವನ್ನು ಒಬ್ಬ ಹುಡುಗನ ಹಣೆಗೆ ಹಚ್ಚಬಾರದು ಎಂದು ಆಂಡಾ ಅವರೇ ಮುಂದೆ ಎಚ್ಚರಿಸಿದ್ದಾರೆ. ಹವಾಯಿ ದ್ವೀಪಗಳಲ್ಲಿ ಒಂದಾದ ಕವಾಯಿಯಲ್ಲಿ 1955ರಲ್ಲಿ ಹುಟ್ಟಿದ 698 ಕೂಸುಗಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಜಗಳ, ಕುಡಿತದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲೂ ಮೂವರಲ್ಲಿ ಒಬ್ಬರು ಗಟ್ಟಿಯಾಗಿ, ಕೆಲಸವಂತರಾಗಿ, ಪ್ರೀತಿಯುಳ್ಳವರಾಗಿ ನಿಂತರು. ಅವರಿಗೆ ಇದ್ದದ್ದು ಏನು? ಹೆಚ್ಚಾಗಿ ಅಜ್ಜಿಯೋ, ಸೋದರಮಾವನೋ, ಮಾಸ್ತರೋ, ಪಕ್ಕದ ಮನೆಯವರೋ, ಕೈಬಿಡದ ಒಬ್ಬರು ದೊಡ್ಡವರು. ದುಡ್ಡಿನ ಮಾತೇ ಅಲ್ಲ ಇದು. ನಮ್ಮೂರಿನಲ್ಲಿ ಅಂಥವರು ಕಡಿಮೆ ಇಲ್ಲ. ಯಾವ ಮಗುವಿಗೆ ಯಾರು ಎಂಬುದು ಮಾತ್ರ ಗೊತ್ತುಮಾಡಿಲ್ಲ.

ಅದಕ್ಕೇ ಮೊದಲ ಕೆಲಸ ಲೆಕ್ಕ. ಹಂಗಾಮಕ್ಕೆ ಮುಂಚೆ ಗ್ರಾಮ ಪಂಚಾಯಿತಿ, ಅಂಗನವಾಡಿ, ಸಾಲಿಯ ಮಾಸ್ತರರು, ಆಶಾ ಅಕ್ಕಂದಿರು ಒಂದೇ ವಹಿ ಮಾಡಲಿ. ಟೋಳಿಯ ಜೊತೆ ಬಂದ ಮಕ್ಕಳು, ಊರಲ್ಲಿ ಬಿಟ್ಟುಹೋದ ಮಕ್ಕಳು, ಎರಡೂ ಅದರಲ್ಲಿರಲಿ. ಹೆಸರು, ವಯಸ್ಸು, ಸಾಲಿ, ಯಾರ ಹತ್ತಿರ ಇದೆ, ಕಾಯುವ ದೊಡ್ಡವರು ಯಾರು, ಇಷ್ಟು ಸಾಕು. "ನಿಮ್ಮಪ್ಪ ಹೊಡೀತಾನೇನೋ?" ಎಂದು ಹತ್ತು ಮಂದಿ ಎದುರು ಮಗುವನ್ನು ಕೇಳಿ ಬರೆದುಕೊಳ್ಳುವ ಹುಂಬತನ ಬೇಡ. ಅಂಥ ಪ್ರಶ್ನೆಯೇ ಇನ್ನೊಂದು ಗಾಯ.

ಟೋಳಿಯ ಮಕ್ಕಳು ನಮ್ಮೂರವರಲ್ಲ ಅನ್ನುವ ಮಾತು ಯಾರ ಬಾಯಲ್ಲೂ ಬರಬಾರದು. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿಂದ ಆರು ವರ್ಷದವರೆಗಿನ ಪ್ರತಿ ಮಗುವಿಗೂ ಅಂಗನವಾಡಿಯ ಊಟದ ಹಕ್ಕು ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ಇಲ್ಲವೆಂದು, ಜನನ ದಾಖಲೆ ಇಲ್ಲವೆಂದು ಸರಕಾರಿ ಸಾಲಿಯಿಂದ ಮಗುವನ್ನು ತಿರುಗಿ ಕಳಿಸುವಂತಿಲ್ಲ. ರಾಜ್ಯ ಸರಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಹೇಳಿದ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ಇದೆಯಲ್ಲ, ಅಂಥದ್ದೊಂದು ಟೋಳಿ ಬಿಡಾರದ ಹತ್ತಿರ ಹಂಗಾಮ ಮುಗಿಯುವವರೆಗೆ ನಡೆಯಬೇಕು. ಜೊತೆಗೆ ಟೆಂಟ್ ಸಾಲಿ ಬೇಕು. ಕಾರ್ಖಾನೆಯವರ ಮೇಲೆ ಸಿಟ್ಟಿನಿಂದ ಬರೆದ ಕರಪತ್ರ ಇದಲ್ಲ. ಅವರಿಂದ ಕೇಳುವುದು ಜಾಗ, ನೀರು, ದೀಪ. ಕಬ್ಬಿನ ಹೊಲದ ರೈತರೂ ನೆನಪಿಡಲಿ, ಕೂಸು ಬದುವಿನ ಮೇಲೆ ಮಲಗಿದ್ದರೆ ತಾಯಿಯ ಕಣ್ಣು ಕೈಯಲ್ಲಿನ ಕತ್ತಿಯ ಮೇಲೆ ಇರುವುದಿಲ್ಲ.

ಸಾಲಿಯಲ್ಲಿ ಛಡಿ ಬೇಡ. ಅದೇ 2009ರ ಕಾಯ್ದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. "ನಾಕು ಬಿಗೀರಿ ಮಾಸ್ತರ, ಶಾಣ್ಯಾ ಆಗ್ತಾನ" ಎಂದು ನಾವೇ ಪರವಾನಿಗೆ ಕೊಟ್ಟು ಬರುತ್ತೇವೆ, ಅದನ್ನು ಮೊದಲು ನಿಲ್ಲಿಸೋಣ.

ಮಗುವಿಗೆ ಹಿಂಸೆ ಆಗುತ್ತಿದೆ, ಲಗ್ನ ನಿಶ್ಚಯ ಆಗಿದೆ ಎಂದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ನಿಮ್ಮ ಹೆಸರು ಹೇಳಬೇಕಿಲ್ಲ. ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ಸುಮ್ಮನಿರುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. "ಮನಿ ಮರ್ಯಾದಿ ಹೋಗ್ತದ" ಎಂದು ಮುಚ್ಚಿದವರು ಮರ್ಯಾದೆ ಉಳಿಸುವುದು ಮಾಡಿದವನದ್ದು, ಮಗುವಿನದ್ದಲ್ಲ. ನಿಮಗೇ ಮನಸ್ಸು ಭಾರವಾಗಿದ್ದರೆ, ಕುಡಿತ ಬಿಡಲು ಆಗದಿದ್ದರೆ 14416 ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಸಂಜೆ ಗ್ಲಾಸು ಹಿಡಿಯುವ ಅಣ್ಣಂದಿರೆ, ನಿಮ್ಮ ಅಪ್ಪನೂ ಹೀಗೇ ಮಾಡುತ್ತಿದ್ದರೆ ಆಗ ನಿಮಗೆ ಏನು ಅನ್ನಿಸುತ್ತಿತ್ತು ಎಂಬುದನ್ನು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ. ನಿಮ್ಮನ್ನು ಬೈಯಲು ಬಂದಿಲ್ಲ, ಆಳಂದದ ದವಾಖಾನೆಗೆ ಜೊತೆಗೆ ಬರಲು ನಾವು ತಯಾರಿದ್ದೇವೆ.

ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಆಗಬೇಕು ಎಂದು ಸರಕಾರದ ಆದೇಶವಿದೆ. ಹಾರ, ಭಾಷಣ, ಫೋಟೊ ಮುಗಿಸಿ ಎದ್ದುಹೋಗುವ ಸಭೆ ಈ ಸಲ ಬೇಡ. ಪಿಡಿಒ ಸಾಹೇಬರು, ಸದಸ್ಯರು ವಹಿ ಮುಂದಿಟ್ಟುಕೊಂಡು ಕೂಡಬೇಕು, ಮಕ್ಕಳು ಮಾತಾಡಬೇಕು, ದೊಡ್ಡವರು ಬಾಯಿ ಮುಚ್ಚಿಕೊಂಡು ಕೇಳಬೇಕು.

ಅದಕ್ಕೆ ತಯಾರಿಯಾಗಿ ಸೀಗಿ ಹುಣ್ಣಿಮೆಯ ಮರುದಿನ ಸಂಜೆ 6 ಗಂಟೆಗೆ ಗ್ರಾಮ ಪಂಚಾಯಿತಿ ಮುಂದೆ ಎಲ್ಲರೂ ಕೂಡೋಣ. ನಿಮ್ಮ ಓಣಿಯಲ್ಲಿ ತಂದೆ ತಾಯಿ ಊರು ಬಿಟ್ಟ ಮಕ್ಕಳ ಹೆಸರು ಚೀಟಿಯಲ್ಲಿ ಬರೆದು ತನ್ನಿ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ಬರೆದುಕೊಳ್ಳುತ್ತೇವೆ. ಮುಕಾದಮರು ತಪ್ಪದೆ ಬರಬೇಕು. ಟೋಳಿಯವರ ಜೊತೆ ಮಾತಾಡಲು ಮರಾಠಿ, ಲಂಬಾಣಿ ಬಲ್ಲ ಹುಡುಗ ಹುಡುಗಿಯರು ಬೇಕಾಗಿದ್ದಾರೆ, ಮುಂದೆ ಬನ್ನಿ. ಹೆಂಗಸರು ಹಿಂದೆ ಕೂಡುವ ಪದ್ಧತಿ ಆ ಸಂಜೆ ಇರುವುದಿಲ್ಲ.

ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ.

ಇಂತಿ,
ಭೂಸನೂರಿನ ಕೆಲವು ತಾಯಂದಿರು, ಮಾಸ್ತರರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು